ಯಾಚಿಸದ ವೇಂಕಟನಾಥರು

ಶ್ರಾವಣ ಬಹುಳ ದ್ವಿತೀಯಾ ಸಮೀಪಿಸಿತೆಂದರೆ ಮಂತ್ರಾಲಯ ಪ್ರಭುಗಳ ಆರಾಧನೆಯ ಸಂಭ್ರಮವು ನಮ್ಮ ಮನೆಮನೆಗಳನ್ನೂ ತುಂಬುತ್ತದೆ. ಬೇಡಿದುದನ್ನು ನೀಡುವ ಕಲ್ಪವೃಕ್ಷವೆಂದು ನಾವು ಶ್ರೀರಾಘವೇಂದ್ರತೀರ್ಥರನ್ನು ಸ್ತುತಿಸುತ್ತೇವೆ. ಆದರೆ ಆ ಮಹನೀಯರು ಪೂರ್ವಾಶ್ರಮದಲ್ಲಿ ಒಪ್ಪೊತ್ತಿನ ಅನ್ನಕ್ಕೂ ಕಷ್ಟಪಟ್ಟವರೆಂಬುದನ್ನು ಸ್ಮರಿಸುವುದು ವಿರಳ.

ಸಂಪ್ರದಾಯದಂತೆ 1595ರಲ್ಲಿ ಭುವನಗಿರಿಯಲ್ಲಿ ತಿಮ್ಮಣ್ಣಭಟ್ಟ ಮತ್ತು ಗೋಪಿಕಾಂಬಾ ದಂಪತಿಗಳಿಗೆ ಜನಿಸಿದ ವೇಂಕಟನಾಥರು ಎಳೆವಯಸ್ಸಿನಲ್ಲಿಯೇ ಪಿತೃವಿಯೋಗವನ್ನು ಕಂಡರು. ಅಣ್ಣ ಗುರುರಾಜರು ಸಲಹಿದರು; ಮಧುರೆಯ ಭಾವ ಲಕ್ಷ್ಮೀನರಸಿಂಹಾಚಾರ್ಯರು ವಿದ್ಯೆಯನ್ನಿತ್ತರು. ಸರಸ್ವತಿದೇವಿಯವರ ಪಾಣಿಗ್ರಹಣದ ಬಳಿಕ ಕುಂಭಕೋಣದಲ್ಲಿ ಶ್ರೀಸುಧೀಂದ್ರತೀರ್ಥರ ಬಳಿ ಉನ್ನತ ವ್ಯಾಸಂಗವು ನಡೆಯಿತು.

ಗೃಹಸ್ಥರಾದ ಅವರು ಶಿಷ್ಯರಿಗೆ ಪಾಠ ಹೇಳಿದರೇ ಹೊರತು ಪ್ರತಿಫಲಕ್ಕಾಗಿ ಕೈಯೊಡ್ಡಲಿಲ್ಲ. ಅಯಾಚಿತವಾಗಿ ಬಂದುದರಿಂದಲೇ ಸಂಸಾರ. ಉಪವಾಸದ ದಿನಗಳು ಏಕಾದಶಿಗೆ ಮಾತ್ರ ಸೀಮಿತವಾಗಿರಲಿಲ್ಲ. ಉಟ್ಟ ಬಟ್ಟೆ ಹರಿದಿತ್ತು. ಇದ್ದ ಅಲ್ಪಸ್ವಲ್ಪವನ್ನೂ ಕಳ್ಳರು ಒಯ್ದರು. ಸೋದರಳಿಯ ನಾರಾಯಣಾಚಾರ್ಯರು ತಮ್ಮ 'ಶ್ರೀರಾಘವೇಂದ್ರವಿಜಯ'ದಲ್ಲಿ ಈ ದಾರಿದ್ರ್ಯವನ್ನು ಮುಚ್ಚಿಡದೆ ವರ್ಣಿಸಿದ್ದಾರೆ.

ಒಮ್ಮೆ ಸಮಾರಾಧನೆಯೊಂದಕ್ಕೆ ಹೋದಾಗ, ಬಡ ಬ್ರಾಹ್ಮಣನೆಂದು ಬಗೆದು ಅವರಿಗೆ ಗಂಧ ತೇಯುವ ಕೆಲಸವನ್ನು ವಹಿಸಿದರಂತೆ. ಅಗ್ನಿಸೂಕ್ತವನ್ನು ಪಠಿಸುತ್ತಾ ತೇಯ್ದ ಆ ಗಂಧವು ಲೇಪಿಸಿಕೊಂಡವರ ಮೈಯನ್ನು ಸುಟ್ಟಿತು. ವರುಣಸೂಕ್ತ ಪಠಿಸಿದ ಮೇಲೆ ತಂಪಾಯಿತು. ಈ ಐತಿಹ್ಯವನ್ನು ಮಂತ್ರಮಹಿಮೆಗಾಗಿ ಹೇಳುತ್ತೇವೆ. ಕರೆದ ಅತಿಥಿಯನ್ನು ಬಟ್ಟೆ ನೋಡಿ ಅಳೆದ ಮನೆಯವರ ದೋಷವೂ ಅದರಲ್ಲಿದೆಯೆಂಬುದನ್ನು ಮರೆಯಬಾರದು.

ಯಾಚಿಸದ ವೇಂಕಟನಾಥರು ಅಭಿಮಾನಕ್ಕೆ ಕಟ್ಟುಬಿದ್ದು ಒಂಟಿಯಾಗಿಯೂ ಉಳಿಯಲಿಲ್ಲ. ಕಷ್ಟವು ಮಿತಿಮೀರಿದಾಗ ಪತ್ನೀಪುತ್ರರೊಡನೆ ಗುರುಗಳ ಸನ್ನಿಧಿಯನ್ನೇ ಸೇರಿದರು. ಧನಿಕನ ಬಾಗಿಲಲ್ಲಿ ಯಾಚನೆ ಬೇರೆ, ಗುರುವಿನ ಆಶ್ರಯ ಬೇರೆ. ಮೊದಲನೆಯದನ್ನು ಬಿಟ್ಟವರು ಎರಡನೆಯದನ್ನು ವಿನಯದಿಂದ ಸ್ವೀಕರಿಸಿದರು.

1621ರಲ್ಲಿ ತಂಜಾವೂರಿನಲ್ಲಿ ಅವರ ಸಂನ್ಯಾಸ ಸ್ವೀಕಾರವಾಯಿತು. ಬಡತನವನ್ನು ಸಮವಾಗಿ ಹಂಚಿಕೊಂಡಿದ್ದ ಸರಸ್ವತಿದೇವಿಯವರು ವಿರಹ ತಾಳಲಾರದೆ ಬಾವಿಗೆ ಬಿದ್ದು ಅಸುನೀಗಿದರೆಂದೂ, ಪ್ರೇತರೂಪದಿಂದ ಬಂದ ಅವರಿಗೆ ಗುರುಗಳು ಕಮಂಡಲೂದಕವನ್ನು ಪ್ರೋಕ್ಷಿಸಿ ಸದ್ಗತಿಯನ್ನು ಕರುಣಿಸಿದರೆಂದೂ ಪ್ರತೀತಿ. ಪತಿಯ ಸ್ಥೈರ್ಯಕ್ಕೆ ಆಧಾರವಾಗಿದ್ದ ಆ ಸಾಧ್ವಿಯನ್ನೂ ಆರಾಧನೆಯಂದು ನೆನೆಯುವುದು ನಮ್ಮ ಕರ್ತವ್ಯ.

ಸ್ವತಃ ಹಸಿವನ್ನು ಅರಿತ ಯತಿಗಳು 1671ರಲ್ಲಿ ಬೃಂದಾವನಸ್ಥರಾಗಿ, ಅಂದಿನಿಂದ ಲಕ್ಷಾಂತರ ಜನರಿಗೆ ಆಶ್ರಯರಾಗಿದ್ದಾರೆ. ನಮ್ಮಲ್ಲಿಯೂ ಕಷ್ಟವನ್ನು ಬಾಯಿಬಿಟ್ಟು ಹೇಳದ ಕುಟುಂಬಗಳುಂಟು. ಅವರು ಕೇಳಲಿ ಎಂದು ಕಾಯದೆ, ಗೌರವಕ್ಕೆ ಕುಂದು ಬಾರದಂತೆ ನಾವೇ ಅವರ ಬಾಗಿಲಿಗೆ ಹೋಗೋಣ. ಆರಾಧನೆಯ ಅಲಂಕಾರಪಂಕ್ತಿಯಲ್ಲಿ ಹರಿದ ಧೋತ್ರದವರಿಗೂ ಮೊದಲ ಸಾಲಿನಲ್ಲಿಯೇ ಎಲೆ ಹಾಕೋಣ. ಗುರುರಾಜರು ಪ್ರೀತರಾಗಲಿ.

ಶ್ರೀಕೃಷ್ಣಾರ್ಪಣಮಸ್ತು.