ಮೇರಿ ಶೆಲ್ಲಿ: ಬೇಸಿಗೆ ಬಾರದ ವರ್ಷದ ಕಥೆ

ಮೇರಿ 1797ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡರು.

1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಗಂಧಕದ ಅನಿಲ ಆಕಾಶಕ್ಕೇರಿತು. ಬಿಸಿಲು ಕುಗ್ಗಿ, ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ಬಳಿ ಮಳೆಯಿಂದ ಮನೆಯೊಳಗೇ ಉಳಿದ ಗೆಳೆಯರು ಭೂತದ ಕಥೆ ಬರೆಯಲು ಪಂದ್ಯ ಕಟ್ಟಿದರು. ಅವರಲ್ಲಿ 18 ವರ್ಷದ ಮೇರಿಯೂ ಇದ್ದರು.

ವಿದ್ಯುತ್ತಿನಿಂದ ಸತ್ತ ಕಪ್ಪೆಯ ಕಾಲು ಅದುರುವುದನ್ನು ವಿಜ್ಞಾನಿ ಗ್ಯಾಲ್ವಾನಿ ಮೊದಲೇ ತೋರಿಸಿದ್ದರು. ಮೇರಿಗೆ ಅದು ತಿಳಿದಿತ್ತು. ಅವರ ಕಥೆಯಲ್ಲಿ ಫ್ರಾಂಕೆನ್‌ಸ್ಟೈನ್ ಎಂಬ ವಿದ್ಯಾರ್ಥಿ ನಿರ್ಜೀವ ದೇಹಕ್ಕೆ ಜೀವ ತುಂಬಿ, ಅದರ ರೂಪಕ್ಕೆ ಹೆದರಿ ಓಡುತ್ತಾನೆ. ಪ್ರೀತಿ ಸಿಗದ ಆ ಜೀವಿ ಕ್ರೂರಿಯಾಗುತ್ತದೆ.

1818ರಲ್ಲಿ ಅಚ್ಚಾದ ಪುಸ್ತಕದಲ್ಲಿ ಲೇಖಕಿಯ ಹೆಸರಿರಲಿಲ್ಲ. ಇಂದು ಹಲವರು ಅದನ್ನೇ ಮೊದಲ ವೈಜ್ಞಾನಿಕ ಕಾದಂಬರಿ ಎನ್ನುತ್ತಾರೆ. ಮೇರಿ 1851ರಲ್ಲಿ ನಿಧನರಾದರು.

ಮಕ್ಕಳೇ, ತಪ್ಪು ಯಾರದು? ಜೀವಿಯದೇ, ಸೃಷ್ಟಿಸಿ ತೊರೆದವನದೇ? ತರಗತಿಯಲ್ಲಿ ಚರ್ಚಿಸಿ.