ಸಂಸತ್ತಿಗೆ ಹೋದ ವಿಶ್ವಾಸಿ

ರಾಜಕೀಯವೆಂದರೆ ಕೆಸರು, ಒಳ್ಳೆಯ ಕ್ರೈಸ್ತರಿಗೆ ಅಲ್ಲೇನು ಕೆಲಸ ಎನ್ನುವವರು ನಮ್ಮಲ್ಲಿದ್ದಾರೆ. ಅಂಥವರು ರಾಬರ್ಟ್ ಶೂಮನ್ ಅವರ ಬಾಳನ್ನು ಒಮ್ಮೆ ನೋಡಬೇಕು.

ಶೂಮನ್ ಹುಟ್ಟಿದ್ದು 1886ರಲ್ಲಿ, ಲಕ್ಸೆಂಬರ್ಗಿನಲ್ಲಿ. 1900ರಲ್ಲಿ ತಂದೆ ತೀರಿಕೊಂಡರು. ಭಕ್ತೆಯಾದ ತಾಯಿಯೂ 1911ರಲ್ಲಿ ಕುದುರೆಗಾಡಿ ಅಪಘಾತದಲ್ಲಿ ಮಡಿದಾಗ, ಎಲ್ಲವನ್ನೂ ಬಿಟ್ಟು ಗುರುವಾಗಬೇಕೆಂದು ಅವರ ಮನಸ್ಸು ಎಳೆಯಿತು. ಆದರೆ ಶ್ರೀಸಾಮಾನ್ಯ ವಿಶ್ವಾಸಿಯಾಗಿದ್ದೇ ದೇವರ ಕೆಲಸ ಮಾಡುವಂತೆ ಆಪ್ತ ಗೆಳೆಯನೊಬ್ಬ ಪತ್ರ ಬರೆದ. ಆ ಮಾತನ್ನು ಅವರು ದೈವಕರೆಯೆಂದೇ ಸ್ವೀಕರಿಸಿ, 1912ರಲ್ಲಿ ಮೆಟ್ಸ್ ನಗರದಲ್ಲಿ ವಕೀಲಿ ವೃತ್ತಿ ಆರಂಭಿಸಿದರು.

ಮೆಟ್ಸ್ ಇರುವ ಲೊರೇನ್ ಪ್ರದೇಶ 1871ರಿಂದ ಜರ್ಮನಿಯ ವಶದಲ್ಲಿತ್ತು. 1918ರಲ್ಲಿ ಮಹಾಯುದ್ಧ ಮುಗಿದಾಗ ಅದು ಫ್ರಾನ್ಸಿನ ಕೈಗೆ ಮರಳಿತು. ಧರ್ಮಸಭೆಯನ್ನು ಸರ್ಕಾರದಿಂದ ಬೇರ್ಪಡಿಸುವ ಕಾನೂನನ್ನು ಫ್ರಾನ್ಸ್ 1905ರಲ್ಲೇ ತಂದಿತ್ತು. ಲೊರೇನಿಗೆ ಅದು ತಟ್ಟಿರಲಿಲ್ಲ. ಅಲ್ಲಿ ಶಾಲೆಗಳಲ್ಲಿ ಧರ್ಮೋಪದೇಶ ನಡೆಯುತ್ತಿತ್ತು. ಇನ್ನು ಮುಂದೆ ಅದರ ಗತಿಯೇನು?

1919ರ ನವೆಂಬರ್ 16ರಂದು ಫ್ರೆಂಚ್ ಗಣರಾಜ್ಯದ ಸಂಸತ್ತಿಗೆ ಚುನಾವಣೆ ನಡೆಯಿತು. ಮೊಸೆಲ್ ಜಿಲ್ಲೆಯ ಜನ 33ರ ಪ್ರಾಯದ ಶೂಮನ್ ಅವರನ್ನು ಗೆಲ್ಲಿಸಿ ಪ್ಯಾರಿಸ್ಸಿಗೆ ಕಳುಹಿಸಿದರು. 1924ರಲ್ಲಿ ಪ್ರಧಾನಿ ಹೆರಿಯೊ ಅವರು ಫ್ರಾನ್ಸಿನ ಕಾನೂನುಗಳನ್ನು ಆ ಪ್ರದೇಶಕ್ಕೂ ವಿಸ್ತರಿಸುವೆವೆಂದಾಗ, ಶೂಮನ್ ಸಂಸತ್ತಿನಲ್ಲಿ ಎದ್ದುನಿಂತು ತಮ್ಮ ಜನರ ಪರ ವಾದಿಸಿದರು. ಜನರ ಪ್ರತಿಭಟನೆಯೂ ಸೇರಿ ಸರ್ಕಾರ ಹಿಂದೆ ಸರಿಯಿತು. ಅಲ್ಲಿನ ಪ್ರತ್ಯೇಕ ವ್ಯವಸ್ಥೆ ಇಂದಿಗೂ ಉಳಿದಿದೆ.

1940ರಲ್ಲಿ ನಾತ್ಸಿಗಳು ಅವರನ್ನು ಸೆರೆಹಿಡಿದರು, 1942ರಲ್ಲಿ ತಪ್ಪಿಸಿಕೊಂಡರು. ಆದರೂ ಅವರ ಹೃದಯದಲ್ಲಿ ಸೇಡು ಬೇರೂರಲಿಲ್ಲ. ವಿದೇಶಾಂಗ ಸಚಿವರಾಗಿ 1950ರ ಮೇ 9ರಂದು, ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು, ಉಕ್ಕು ಉದ್ಯಮಗಳನ್ನು ಒಂದೇ ಆಡಳಿತದಡಿ ತರುವ ಯೋಜನೆಯನ್ನು ಮುಂದಿಟ್ಟರು. ಯುದ್ಧದ ಅಸ್ತ್ರ ತಯಾರಾಗುವ ಉಕ್ಕನ್ನೇ ಶಾಂತಿಯ ಸಾಧನವಾಗಿಸಿದ ಕೆಲಸವಿದು. ವೈರಿಗಳನ್ನು ಪ್ರೀತಿಸಿರೆಂಬ ಶುಭಸಂದೇಶದ ಬೋಧನೆ ರಾಜ್ಯಗಳ ನಡುವೆಯೂ ನಡೆಯಬಲ್ಲದೆಂದು ಅವರು ತೋರಿಸಿದರು.

ಪ್ರತಿದಿನದ ಬಲಿಪೂಜೆಯೇ ಅವರ ಶಕ್ತಿಯಾಗಿತ್ತು. ಮದುವೆಯಾಗದೆ, ಆಡಂಬರವಿಲ್ಲದೆ ಬಾಳಿ 1963ರಲ್ಲಿ ನಿಧನರಾದರು. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಶೂಮನ್ನರ ಸದ್ಗುಣಗಳನ್ನು ಮಾನ್ಯಮಾಡಿ ಅವರನ್ನು ಪೂಜ್ಯರೆಂದು ಸಾರಿದರು.

ಪ್ರಿಯರೇ, ಮನೆಯ ಮಗನೋ ಮಗಳೋ ಜನಸೇವೆಗೆ ಇಳಿಯುತ್ತೇನೆಂದರೆ ಕೂಡಲೇ ತಡೆಯಬೇಡಿ. ಕರೆಯುವವನು ದೇವರೇ ಇರಬಹುದು. ಮೊದಲು ಅವರೊಡನೆ ಕುಳಿತು ಪ್ರಾರ್ಥಿಸಿ.