ವಿಶಾಖಪಟ್ಟಣದ ಕಡಲು ನೋಡಿ ಬೆಳೆದ ಹುಡುಗ, ಕಡಲ ನೀಲಿಯ ಬೆನ್ನುಹತ್ತಿದ ವಿಜ್ಞಾನಿ: ಸರ್ ಸಿ.ವಿ. ರಾಮನ್

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಿಂದ ಸ್ವಲ್ಪ ದೂರ ನಡೆದರೆ ಬಂಗಾಳ ಕೊಲ್ಲಿಯ ತೀರ. ಇದೇ ಊರಿನಲ್ಲಿ ಬಾಲ್ಯ ಕಳೆದವರು ಸರ್ ಸಿ.ವಿ. ರಾಮನ್. ಕಡಲು ಏಕೆ ನೀಲಿ ಎಂಬ ಪ್ರಶ್ನೆಯೇ ಮುಂದೆ ಅವರನ್ನು ನೊಬೆಲ್‌ನತ್ತ ಕರೆದೊಯ್ದಿತು.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿ ಬಳಿ. ತಂದೆ ಚಂದ್ರಶೇಖರ ಅಯ್ಯರ್ ಎ.ವಿ.ಎನ್. ಕಾಲೇಜಿನ ಅಧ್ಯಾಪಕರಾದಾಗ ಕುಟುಂಬ ವಿಶಾಖಪಟ್ಟಣಕ್ಕೆ ಬಂತು. ಇಲ್ಲಿ 11ನೇ ವಯಸ್ಸಿಗೇ ಮೆಟ್ರಿಕ್ ಮುಗಿಸಿದ ಅವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು.

ಕೈತುಂಬ ಸಂಬಳ ಬಿಟ್ಟರು

1907ರಲ್ಲಿ ಕಲ್ಕತ್ತಾದಲ್ಲಿ ಹಣಕಾಸು ಇಲಾಖೆಯ ಉನ್ನತ ಹುದ್ದೆ ಸಿಕ್ಕಿತು. ಕಚೇರಿಗೆ ಹೋಗುವ ಮುನ್ನ, ಕಚೇರಿ ಮುಗಿದ ಮೇಲೆ ಪ್ರಯೋಗಾಲಯವೇ ಅವರ ಮನೆಯಾಯಿತು. 1917ರಲ್ಲಿ ಆ ಹುದ್ದೆ ಬಿಟ್ಟು, ಕಡಿಮೆ ಸಂಬಳದ ಪ್ರಾಧ್ಯಾಪಕ ಹುದ್ದೆ ಒಪ್ಪಿಕೊಂಡರು.

ಹಡಗಿನಲ್ಲಿ ಹೊಳೆದ ಪ್ರಶ್ನೆ

ಗಾಳಿಯ ಅಣುಗಳು ಬೆಳಕನ್ನು ಚದುರಿಸುವುದರಿಂದ ಆಕಾಶ ನೀಲಿ ಎಂದು ಲಾರ್ಡ್ ರೇಲಿ ವಿವರಿಸಿದ್ದರು. ಕಡಲ ನೀಲಿ ಆಕಾಶದ ಪ್ರತಿಬಿಂಬ ಎಂಬುದು ಅವರ ಅಭಿಪ್ರಾಯವಾಗಿತ್ತು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ರಾಮನ್ ಪುಟ್ಟ ನಿಕೋಲ್ ಪಟ್ಟಕದಿಂದ ನೀರಿನ ಮೇಲಿನ ಪ್ರತಿಫಲನವನ್ನು ತಡೆದು ನೋಡಿದರು. ಆಗಲೂ ಕಡಲು ನೀಲಿಯಾಗಿಯೇ ಇತ್ತು!

ಅನಿಲದಲ್ಲಿ ಅಣುಗಳು ದೂರ ದೂರ, ದ್ರವದಲ್ಲಿ ಒತ್ತೊತ್ತಾಗಿರುತ್ತವೆ. ಆದರೂ ಅವು ಸದಾ ಚಲಿಸುವುದರಿಂದ ದ್ರವದ ಸಾಂದ್ರತೆ ಕ್ಷಣಕ್ಷಣಕ್ಕೂ ತುಸು ಏರಿಳಿಯುತ್ತದೆ. ಈ ಏರಿಳಿತವೇ ಬೆಳಕನ್ನು ಚದುರಿಸುತ್ತದೆ ಎಂದು ರಾಮನ್ ತೋರಿಸಿದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೇ ಕಡಲ ನೀಲಿಗೆ ಮುಖ್ಯ ಕಾರಣ ಎಂಬುದು ಈಗ ಗೊತ್ತಾಗಿದೆ. ಆದರೆ ರಾಮನ್ ಹಿಡಿದ ದಾರಿ ವ್ಯರ್ಥವಾಗಲಿಲ್ಲ.

ಶಿಷ್ಯ ಕೆ.ಎಸ್. ಕೃಷ್ಣನ್ ಜೊತೆ ಹತ್ತಾರು ದ್ರವಗಳ ಮೂಲಕ ಬೆಳಕು ಹಾಯಿಸಿದರು. ಚದುರಿದ ಬೆಳಕಿನ ಅತ್ಯಲ್ಪ ಭಾಗ ಅಣುಗಳೊಂದಿಗೆ ಶಕ್ತಿ ವಿನಿಮಯ ಮಾಡಿಕೊಂಡು ಬಣ್ಣ ಬದಲಿಸುವುದು 1928ರ ಫೆಬ್ರವರಿ 28ರಂದು ಸ್ಪಷ್ಟವಾಯಿತು. ಅದೇ 'ರಾಮನ್ ಪರಿಣಾಮ'. 1930ರಲ್ಲಿ ನೊಬೆಲ್ ಬಂತು.

ಬೆಂಗಳೂರೇ ಕೊನೆಯ ನೆಲೆ

1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದ ರಾಮನ್, ಮತ್ತೆ ಈ ಊರು ಬಿಡಲಿಲ್ಲ. 1948ರಲ್ಲಿ ಇಲ್ಲಿಯೇ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದರು. 1954ರಲ್ಲಿ ಭಾರತರತ್ನ ಸಂದಿತು.

1970ರ ನವೆಂಬರ್ 21ರಂದು ನಿಧನರಾದ ಅವರ ಅಂತ್ಯಸಂಸ್ಕಾರ ನಡೆದದ್ದೂ ಅದೇ ಸಂಸ್ಥೆಯ ತೋಟದಲ್ಲಿ. ಅನಿಲವಿರಲಿ, ದ್ರವವಿರಲಿ, ಅದರಲ್ಲಿರುವ ಅಣು ಯಾವುದೆಂದು ಮುಟ್ಟದೆಯೇ ಗುರುತಿಸಲು ಪ್ರಯೋಗಾಲಯಗಳು ಇಂದಿಗೂ ರಾಮನ್ ಪರಿಣಾಮವನ್ನು ಬಳಸುತ್ತಿವೆ. ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ.